ಸರ್ಪದ ಮೇಲಣ ಅಧ್ಯಾಸ

ಮಬ್ಬುಗತ್ತಲೆಯಲ್ಲಿ ಬಿದ್ದಿರುವ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವು ನಮ್ಮ ವೇದಾಂತಗ್ರಂಥಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಶಾಸ್ತ್ರದ ಗಂಧವಿಲ್ಲದ ಗೃಹಸ್ಥನೂ ಹರಿಕಥೆ, ಪುರಾಣಶ್ರವಣಗಳ ಮೂಲಕ ಅದನ್ನು ಕೇಳಿಯೇ ಇರುತ್ತಾನೆ. ಕತ್ತಲೆಯಲ್ಲಿ ಇಂಥದೆಂದು ನಿಶ್ಚಯವಾಗದ ಹಗ್ಗವು ಹಾವಾಗಿಯೋ ನೀರಿನ ಧಾರೆಯಾಗಿಯೋ ಕಲ್ಪಿತವಾಗುವಂತೆ ಆತ್ಮನೂ ನಾನಾ ಬಗೆಯಾಗಿ ಕಲ್ಪಿತನಾಗುತ್ತಾನೆಂದು ಗೌಡಪಾದರು ಮಾಂಡೂಕ್ಯಕಾರಿಕೆಯಲ್ಲಿ ಹೇಳಿದ ತರುವಾಯ, ಅವರ ಪರಂಪರೆಯ ಆಚಾರ್ಯರು ಆ ಹಗ್ಗವನ್ನು ಕೈಯಿಂದ ಕೆಳಗಿಡಲೇ ಇಲ್ಲ. ದೀಪ ಬಂದೊಡನೆ ಹಾವು ಇಲ್ಲವಾಗುತ್ತದೆ. ಅದು ಓಡಿಹೋದದ್ದಲ್ಲ, ಸತ್ತದ್ದೂ ಅಲ್ಲ, ಮೊದಲಿನಿಂದಲೂ ಅಲ್ಲಿ ಇರಲೇ ಇಲ್ಲ. ಭಯ ಮಾತ್ರ ನಿಜವಾಗಿತ್ತು. ಬೆವರು, ಎದೆಬಡಿತ, ಹಿಂದಕ್ಕೆಳೆದುಕೊಂಡ ಕಾಲು ಇವೆಲ್ಲವೂ ನಿಜವಾಗಿಯೇ ಇದ್ದು, ಇವಕ್ಕೆ ಕಾರಣವಾದ ವಸ್ತು ಮಾತ್ರ ಮಿಥ್ಯೆಯಾಗಿತ್ತೆಂಬುದು ಆ ದೃಷ್ಟಾಂತದ ಸೊಗಸು.

ಆದರೆ ದೀಪ ತಂದಾಗ ಅಲ್ಲಿದ್ದದ್ದು ನಿಜವಾಗಿಯೂ ಹಾವೇ ಆಗಿದ್ದರೆ? ಈ ಪ್ರಶ್ನೆಯು ದೃಷ್ಟಾಂತದ ಮೇರೆಯನ್ನು ಮೀರಿದ್ದು, ಗುರುಗಳ ಮುಂದೆ ಎತ್ತಿದರೆ ಕುಚೋದ್ಯವೆನ್ನಿಸಿಕೊಳ್ಳುವಂಥದು. ಆದರೂ ಆಷಾಢದ ರಾತ್ರಿ ತೋಟಕ್ಕೆ ನೀರು ನುಗ್ಗಿತೋ ಎಂದು ನೋಡಲು ಹೊರಟ ರೈತನಿಗೆ ಇದು ಕುಚೋದ್ಯವಲ್ಲ. ಅವನ ಮಟ್ಟಿಗೆ ವೇದಾಂತವು ಎಲ್ಲಿ ನಿಂತಿತೋ ಅಲ್ಲಿಂದಲೇ ವ್ಯವಹಾರ ಆರಂಭವಾಗುತ್ತದೆ. ಹಗ್ಗದ ಮೇಲೆ ಹಾವನ್ನು ಆರೋಪಿಸಬಲ್ಲ ಮನಸ್ಸು ಹಾವಿನ ಮೇಲೆ ಮತ್ತೇನನ್ನೂ ಆರೋಪಿಸದೆ ಸುಮ್ಮನಿದ್ದೀತೆ? ಇರಲಿಲ್ಲವೆಂಬುದಕ್ಕೆ ನಮ್ಮ ಪುರಾಣ, ಜನಪದ, ಶಿಲ್ಪ, ಹಬ್ಬಗಳೆಲ್ಲ ಸಾಕ್ಷಿ. ಹಾವಿನ ಮೇಲೆ ನಾವು ದೇವತ್ವವನ್ನು ಆರೋಪಿಸಿದೆವು, ವೈರವನ್ನು ಆರೋಪಿಸಿದೆವು, ಕುಲದ ಶಾಪವನ್ನೂ ಸಂತಾನದ ವರವನ್ನೂ ನೆಲದಡಿಯ ನಿಧಿಯ ಕಾವಲನ್ನೂ ಆರೋಪಿಸಿದೆವು. ಇಷ್ಟೆಲ್ಲ ಹೊರೆಯ ಕೆಳಗೆ ಹಾವೆಂಬ ಪ್ರಾಣಿಯೊಂದು ತನ್ನ ಪಾಡಿಗೆ ತಾನು ಇಲಿ ಹಿಡಿದು ತಿಂದುಕೊಂಡು ಹರಿದಾಡುತ್ತಿರುವುದನ್ನು ಕಾಣಲು ಎರಡನೆಯ ದೀಪವೊಂದು ಬೇಕಾಗುತ್ತದೆ.

ಹಗೆಯನ್ನು ಹನ್ನೆರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡು, ಹೊಡೆದವನ ಮನೆಯನ್ನು ಹುಡುಕಿಕೊಂಡು ಬಂದು ಕಚ್ಚುತ್ತದೆಂಬುದು ನಾಗರಹಾವಿನ ಮೇಲಿರುವ ಪ್ರಸಿದ್ಧವಾದ ಆಪಾದನೆ. ಹಗೆಯನ್ನು ಇಷ್ಟು ದೀರ್ಘಕಾಲ ಸಾಕಿ ಸಲಹಬಲ್ಲ ಪ್ರಾಣಿ ಭೂಮಿಯ ಮೇಲೆ ಒಂದೇ ಒಂದಿದ್ದು, ಅದು ಎರಡು ಕಾಲಿನ ಮೇಲೆ ನಡೆಯುತ್ತದೆ. ಪುಂಗಿಯ ನಾದಕ್ಕೆ ಹಾವು ತಲೆದೂಗುತ್ತದೆಂಬುದು ಮತ್ತೊಂದು. ಹೊರಗಿವಿಯೇ ಇಲ್ಲದ, ನೆಲದ ಕಂಪನವನ್ನು ಮುಖ್ಯವಾಗಿ ದವಡೆಯ ಎಲುಬಿನ ಮೂಲಕ ಗ್ರಹಿಸುವ ಈ ಜೀವವು ಹಾವಾಡಿಗನ ಸಂಗೀತವನ್ನಲ್ಲ, ಅವನ ಕೈಯ ಓಲಾಟವನ್ನು ಭಯದಿಂದ ಹಿಂಬಾಲಿಸುತ್ತಿರುತ್ತದೆ. ಹಾಲು ಅದರ ಆಹಾರವಲ್ಲ. ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿ ಬಂಧಿಯಾಗಿದ್ದ ಹಾವು ಬಾಯಾರಿಕೆಯಿಂದ ಅದನ್ನು ಕುಡಿದರೆ, ನಾವು ನಾಗಪ್ಪ ಪ್ರಸನ್ನನಾದನೆಂದು ಕೈಮುಗಿಯುತ್ತೇವೆ. ಕೇರೆಹಾವೂ ನಾಗರವೂ ಕೂಡುತ್ತವೆಂಬ ಮಾತು ಹಳ್ಳಿಹಳ್ಳಿಯಲ್ಲೂ ಇದೆ. ಎರಡು ಕೇರೆಗಳು ಅರ್ಧ ಮೈಯನ್ನೆತ್ತಿ ಒಂದನ್ನೊಂದು ಹೆಣೆದುಕೊಂಡು ನಿಲ್ಲುವ ನೋಟವನ್ನು ಕಂಡವರು ಅದನ್ನು ಮಿಥುನವೆಂದು ಭಾವಿಸಿ, ನೋಡಬಾರದೆಂದು ಮುಖ ತಿರುಗಿಸುವುದೂ ಉಂಟು, ಶುಭವೆಂದು ಬಟ್ಟೆ ಹಾಸುವುದೂ ಉಂಟು. ಆದರೆ ಬಹುಮಟ್ಟಿಗೆ ಅವು ಎರಡೂ ಗಂಡುಗಳೇ ಆಗಿದ್ದು, ಅಲ್ಲಿ ನಡೆಯುತ್ತಿರುವುದು ಬಲಾಬಲದ ಪರೀಕ್ಷೆ. ಮಕ್ಕಳಿಲ್ಲದ ದಂಪತಿಗಳು ಅಶ್ವತ್ಥಕಟ್ಟೆಯ ಮೇಲೆ ಪ್ರತಿಷ್ಠೆ ಮಾಡಿಸುವ ನಾಗರಕಲ್ಲಿನಲ್ಲಿ ಹೆಣೆದುಕೊಂಡ ಜೋಡಿಹಾವನ್ನು ಕಾಣುವಾಗ, ಶಿಲ್ಪಿಯು ಕಂಡದ್ದು ಯಾವ ನೋಟವನ್ನೋ ಎಂದು ನಗು ಬಂದರೂ, ಆ ಕಲ್ಲಿನ ಮುಂದೆ ನಿಂತವರ ಆರ್ತಿಯನ್ನು ನೆನೆದು ಆ ನಗುವನ್ನು ನುಂಗಿಕೊಳ್ಳಬೇಕಾಗುತ್ತದೆ.

ಎರಡನೆಯ ದೀಪದಲ್ಲಿ ಕಾಣುವ ಹಾವು ಪುರಾಣದ ಹಾವಿಗಿಂತ ಕಡಿಮೆ ಆಶ್ಚರ್ಯಕರವಾದದ್ದೇನಲ್ಲ. ಗರುಡನು ತಂದು ದರ್ಭೆಯ ಮೇಲಿಟ್ಟ ಅಮೃತವನ್ನು ಇಂದ್ರನು ಕೊಂಡೊಯ್ದ ಮೇಲೆ, ಉಳಿದಿರಬಹುದಾದ ಹನಿಯ ಆಸೆಯಿಂದ ದರ್ಭೆಯನ್ನೇ ನೆಕ್ಕಿ ನೆಕ್ಕಿ ಹಾವುಗಳ ನಾಲಗೆ ಸೀಳಿತೆಂದು ಆದಿಪರ್ವ ಹೇಳುತ್ತದೆ. ಆ ಸೀಳುನಾಲಗೆ ಗಾಳಿಯಲ್ಲಿರುವ ವಾಸನೆಯ ಕಣಗಳನ್ನು ಎರಡು ಕವಲಿನಲ್ಲೂ ಹಿಡಿದು ಬಾಯಿಯ ಮೇಲ್ಭಾಗದಲ್ಲಿರುವ ಇಂದ್ರಿಯವೊಂದಕ್ಕೆ ಮುಟ್ಟಿಸುತ್ತದೆ. ಇಲಿ ಎಡಕ್ಕೆ ಹೋಯಿತೋ ಬಲಕ್ಕೆ ಹೋಯಿತೋ ಎಂಬುದನ್ನು ಅದು ತಿಳಿಯುವುದು ಹೀಗೆ. ವಿಷವೆಂಬುದು ಮೂಲತಃ ಜೊಲ್ಲೇ. ಯುಗಯುಗಾಂತರಗಳಲ್ಲಿ ಮಾರ್ಪಟ್ಟು, ಕೈಕಾಲುಗಳಿಲ್ಲದ ಬೇಟೆಗಾರನಿಗೆ ಬೇಟೆಯನ್ನು ಹಿಡಿದು ನಿಲ್ಲಿಸುವ ಸಾಧನವಾಯಿತು. ನುಂಗಲಾಗದ ಮನುಷ್ಯನ ಮೇಲೆ ಅದನ್ನು ವ್ಯಯಮಾಡುವುದು ಹಾವಿಗೆ ಶುದ್ಧ ನಷ್ಟ. ಆದಕಾರಣವೇ ನಾಗರವು ಮೊದಲು ಹೆಡೆಯೆತ್ತುತ್ತದೆ, ಕೊಳಕುಮಂಡಲವು ದೂರಕ್ಕೆ ಕೇಳುವಂತೆ ಬುಸುಗುಟ್ಟುತ್ತದೆ, ಗರಗಸಮಂಡಲವು ಮೈಯ ಒರಟು ಹುರುಪೆಗಳನ್ನು ಒಂದಕ್ಕೊಂದು ತಿಕ್ಕಿ ಸದ್ದು ಮಾಡುತ್ತದೆ. ಎಚ್ಚರಿಕೆಯನ್ನು ಕೊಡದೆ ರಾತ್ರಿಯಲ್ಲಿ ಸದ್ದಿಲ್ಲದೆ ಹರಿಯತಕ್ಕದ್ದು ಕಟ್ಟುಹಾವು. ಇನ್ನು ಆಗುಂಬೆಯ ಕಾಡಿನ ಕಾಳಿಂಗವಂತೂ, ಒಣಗಿದ ಎಲೆಗಳನ್ನು ಮೈಯಿಂದ ಗುಡ್ಡೆಮಾಡಿ ಗೂಡು ಕಟ್ಟಿ ಮೊಟ್ಟೆಗಳನ್ನು ಕಾಯುತ್ತದೆ. ಹಾವುಗಳ ಕುಲದಲ್ಲಿ ಹೀಗೆ ಗೂಡು ಕಟ್ಟುವುದು ಅದೊಂದರದೇ ವಿಶೇಷ. ಅದರ ಆಹಾರವೂ ಬಹುಪಾಲು ಇತರ ಹಾವುಗಳೇ. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕವಾದ ಜಾತಿಯೆಂದು 2024ರಲ್ಲಿ ವಿದ್ವಾಂಸರು ನಿರ್ಣಯಿಸಿ, ಮಲೆನಾಡಿನವರು ತಲೆತಲಾಂತರದಿಂದ ಕರೆಯುತ್ತಿದ್ದ ಹೆಸರನ್ನೇ ಅದಕ್ಕೆ ಶಾಸ್ತ್ರೀಯನಾಮವಾಗಿ ಇಟ್ಟಿದ್ದಾರೆ.

ಹಾವನ್ನು ಕುರಿತ ನೀತಿಯ ಪ್ರಶ್ನೆಯನ್ನು ಇಂದಿನ ಪ್ರಾಣಿದಯೆಯ ಸಂಘಗಳು ಹೊಸದಾಗಿ ಕಂಡುಹಿಡಿದುವೆಂದು ಭಾವಿಸುವವರು ಮಹಾಭಾರತದ ಆದಿಪರ್ವವನ್ನು ಮತ್ತೊಮ್ಮೆ ತೆರೆಯಬೇಕು. ಕುರುಪಾಂಡವರ ಕಥೆ ಆರಂಭವಾಗುವುದಕ್ಕೆ ಎಷ್ಟೋ ಮೊದಲು, ಆ ಮಹಾಗ್ರಂಥದ ಹೊಸ್ತಿಲಲ್ಲಿಯೇ ಹಾವುಗಳ ಕಥೆ ಹಬ್ಬಿಕೊಂಡಿದೆ; ಭಾರತವನ್ನು ವೈಶಂಪಾಯನನು ಹೇಳಿದ್ದೇ ಹಾವುಗಳನ್ನು ಸುಡುವ ಸತ್ರದಲ್ಲಿ. ಮೌನವ್ರತಿಯಾದ ಶಮೀಕನ ಕೊರಳಿಗೆ ಅರಸನಾದ ಪರೀಕ್ಷಿತನು ಸತ್ತ ಹಾವನ್ನು ಹಾಕಿದನು, ಆ ಋಷಿಯ ಮಗ ಶೃಂಗಿಯು ಶಪಿಸಿದನು, ಸರ್ಪನಾದ ತಕ್ಷಕನು ಅರಸನನ್ನು ಕಚ್ಚಿದನು, ಅರಸನ ಮಗ ಜನಮೇಜಯನು ತಕ್ಷಕನೊಬ್ಬನ ಅಪರಾಧಕ್ಕಾಗಿ ಸರ್ಪಕುಲವನ್ನೇ ಬೆಂಕಿಗೆ ಕರೆದನು. ಇದರ ಹಿಂದೆ ಇನ್ನೊಂದು ಬೆಂಕಿಯೂ ಇದ್ದುದನ್ನು ಕವಿ ಮರೆಮಾಚಿಲ್ಲ: ಜನಮೇಜಯನ ಮುತ್ತಜ್ಜನಾದ ಅರ್ಜುನನು ಕೃಷ್ಣನೊಡಗೂಡಿ ಅಗ್ನಿಗೆ ಉಣಿಸಿದ ಖಾಂಡವವನವು ತಕ್ಷಕನ ಮನೆಯಾಗಿತ್ತು, ಮತ್ತು ಅಲ್ಲಿ ಸತ್ತವರಲ್ಲಿ ಅವನ ಹೆಂಡತಿಯೂ ಇದ್ದಳು. ಮೊದಲು ಯಾರು ಯಾರನ್ನು ನೋಯಿಸಿದರೆಂದು ಹಿಂದಕ್ಕೆ ಹಿಂದಕ್ಕೆ ಹೋದಷ್ಟೂ ಮತ್ತೊಂದು ಗಾಯ ಕಾಣುತ್ತದೆ. ಸತ್ರವನ್ನು ನಿಲ್ಲಿಸಿದ ಆಸ್ತೀಕನು ತಂದೆಯ ಕಡೆಯಿಂದ ಮನುಷ್ಯ, ತಾಯಿಯ ಕಡೆಯಿಂದ ವಾಸುಕಿಯ ಸೋದರಳಿಯ; ಎರಡು ಕುಲಗಳ ರಕ್ತವೂ ಮೈಯಲ್ಲಿ ಹರಿಯುತ್ತಿದ್ದ ಹುಡುಗನೊಬ್ಬನಿಗಲ್ಲದೆ ಆ ವೈರವನ್ನು ಕಡಿಯುವ ಅಧಿಕಾರವು ಮತ್ತಾರಿಗೂ ಇರಲಿಲ್ಲವೆಂದು ಕಥೆಯ ಅಭಿಪ್ರಾಯವಿರಬೇಕು.

ಆದರೆ ಇದಕ್ಕಿಂತಲೂ ಚಿಕ್ಕದಾದ, ಹೆಚ್ಚು ಮಂದಿ ನೆನೆಯದ ಕಥೆಯೊಂದು ಅಲ್ಲಿಯೇ ಇದೆ. ರುರುವೆಂಬ ಋಷಿಕುಮಾರನಿಗೆ ನಿಶ್ಚಿತಳಾಗಿದ್ದ ಪ್ರಮದ್ವರೆಯು ಗೆಳತಿಯರೊಡನೆ ಆಡುತ್ತ, ಮಲಗಿದ್ದ ಹಾವನ್ನು ಕಾಣದೆ ತುಳಿದು, ಅದು ಕಚ್ಚಿ ಸತ್ತಳು. ರುರುವು ತನ್ನ ಆಯುಸ್ಸಿನ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡನು. ಆಮೇಲೆ ಕಂಡ ಕಂಡ ಹಾವನ್ನೆಲ್ಲ ಬಡಿಯುವ ವ್ರತ ತೊಟ್ಟನು. ಕಳೆದುಕೊಂಡದ್ದನ್ನು ಮರಳಿ ಪಡೆದ ಮೇಲೂ ಕೋಪವು ಉಳಿಯಿತೆಂಬ ಈ ಒಂದು ವಿವರದಲ್ಲಿ ಮನುಷ್ಯಸ್ವಭಾವದ ಎಷ್ಟು ಆಳವಾದ ಪರಿಚಯವಿದೆ! ಒಂದು ದಿನ ಅವನು ಮುದಿಯಾದ ಡುಂಡುಭವೊಂದರ ಮೇಲೆ ದೊಣ್ಣೆ ಎತ್ತಿದಾಗ, ಆ ವಿಷವಿಲ್ಲದ ಹಾವು, ನಾನು ನಿನಗೇನೂ ಮಾಡಲಿಲ್ಲವಲ್ಲ, ಕಚ್ಚುವ ಹಾವುಗಳು ಬೇರೆ, ಹೆಸರೊಂದೇ ಆದ ಮಾತ್ರಕ್ಕೆ ನನ್ನನ್ನೇಕೆ ಕೊಲ್ಲುತ್ತೀಯೆ ಎಂದು ಕೇಳಿತು. ಅದು ಹಿಂದೆ ಸಹಸ್ರಪಾದನೆಂಬ ಋಷಿ. ಎಳವೆಯಲ್ಲಿ ಚೇಷ್ಟೆಗೆಂದು ಹುಲ್ಲಿನಿಂದ ಹಾವೊಂದನ್ನು ಮಾಡಿ, ಅಗ್ನಿಕಾರ್ಯದಲ್ಲಿ ತೊಡಗಿದ್ದ ಗೆಳೆಯ ಖಗಮನನ್ನು ಹೆದರಿಸಿದನು. ಮೂರ್ಛೆ ತಿಳಿದೆದ್ದ ಖಗಮನು, ಆ ಹುಲ್ಲುಹಾವಿನಂತೆಯೇ ನಿರ್ವಿಷವಾದ ಹಾವಾಗು ಎಂದು ಶಪಿಸಿದನು. ವೇದಾಂತಿಯ ಹಗ್ಗದಲ್ಲಿ ಸುಳ್ಳುಹಾವು ಬೆಳಕಿಗೆ ಕರಗಿಹೋಗುತ್ತದೆ. ಇತಿಹಾಸಕಾರನಾದ ವ್ಯಾಸನ ಕೈಯಲ್ಲಿ ಸುಳ್ಳುಹಾವು ನಿಜಹಾವಾಗಿ, ದೊಣ್ಣೆಯ ಪೆಟ್ಟಿನ ಕೆಳಗೆ ಬಂದು ಮಲಗುತ್ತದೆ. ಭ್ರಾಂತಿಯಿಂದ ಹುಟ್ಟಿದ ಭಯದ ಫಲವನ್ನು ನಿಜವಾದ ಮೈಯೊಂದು ಅನುಭವಿಸಬೇಕಾಗುತ್ತದೆಂಬುದನ್ನು ಇಷ್ಟು ಸಹಜವಾಗಿ ಹೇಳಿದ ಕಥೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಹಿಂಸೆಯೇ ಪರಮಧರ್ಮವೆಂಬ ಉಪದೇಶವು ರುರುವಿಗೆ ದೊರೆತದ್ದು ಆ ಡುಂಡುಭದ ಬಾಯಿಂದ. ನಮ್ಮ ಕೆರೆಯಂಚುಗಳಲ್ಲಿ ನೀರೊಳ್ಳೆಯನ್ನೂ ಗದ್ದೆಯ ಬದುವಿನಲ್ಲಿ ಕೇರೆಯನ್ನೂ ಬಡಿದು ಬೇಲಿಗೆ ನೇತುಹಾಕುವ ಹುಡುಗರಿಗೆ ಹೇಳತಕ್ಕ ಕಥೆ ಇದು.

ಡುಂಡುಭವು ನಿರಪರಾಧಿ; ಅದನ್ನು ಕ್ಷಮಿಸುವುದು ಕಷ್ಟವಲ್ಲ. ಕಚ್ಚಿದ ಹಾವಿನ ಮಾತೇನು? ಆ ಪ್ರಶ್ನೆಯನ್ನು ಮಹಾಭಾರತವು ಅನುಶಾಸನಪರ್ವದ ಆರಂಭಕ್ಕಾಗಿ ಇಟ್ಟುಕೊಂಡಿದೆ. ತನ್ನಿಂದ ಬಂಧುಗಳೆಲ್ಲ ಸತ್ತರೆಂದು ಕೊರಗುವ ಯುಧಿಷ್ಠಿರನಿಗೆ ಶರಶಯ್ಯೆಯ ಭೀಷ್ಮನು ಹೇಳುವ ಕಥೆಯಲ್ಲಿ, ಗೌತಮಿಯೆಂಬ ವೃದ್ಧೆಯ ಮಗನನ್ನು ಹಾವು ಕಚ್ಚಿ ಕೊಂದಿದೆ. ಅರ್ಜುನಕನೆಂಬ ಬೇಡನು ಆ ಹಾವನ್ನು ಕಟ್ಟಿ ಅವಳ ಮುಂದೆ ತಂದು, ಸುಡಲೋ ಕತ್ತರಿಸಲೋ ಎಂದು ಕೇಳುತ್ತಾನೆ. ಬಿಟ್ಟುಬಿಡು, ಇದನ್ನು ಕೊಂದರೆ ನನ್ನ ಮಗ ಎದ್ದು ಬರುವನೆ, ಎನ್ನುತ್ತಾಳೆ ತಾಯಿ. ಬೇಡನು ಒಪ್ಪುವುದಿಲ್ಲ. ಹಾವು ತಾನು ಮೃತ್ಯುವಿನ ಪ್ರೇರಣೆಯಿಂದ ಕಚ್ಚಿದೆನೆನ್ನುತ್ತದೆ. ಮೃತ್ಯು ಬಂದು ತಾನು ಕಾಲನ ಅಧೀನನೆನ್ನುತ್ತಾನೆ. ಕಾಲನು ಬಂದು ನಾವಾರೂ ಕಾರಣರಲ್ಲ, ಬಾಲಕನ ಕರ್ಮವೇ ಕಾರಣವೆನ್ನುತ್ತಾನೆ. ವಾದದ ತುದಿಯಲ್ಲಿ ದೊರೆಯುವ ಈ ಸಮಾಧಾನವು ನನಗೆ ರುಚಿಸುವುದಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಸತ್ತ ಮಗುವಿನ ತಲೆಗೇ ಹೊಣೆಯನ್ನು ಕಟ್ಟಿ ಉಳಿದವರೆಲ್ಲ ಕೈತೊಳೆದುಕೊಂಡಂತೆ ತೋರುತ್ತದೆ. ಆದರೆ ಕಥೆಯ ಸತ್ತ್ವವಿರುವುದು ಆ ತುದಿಯಲ್ಲಲ್ಲ. ಹಾವು, ಮೃತ್ಯು, ಕಾಲರ ಸಾಕ್ಷ್ಯವನ್ನು ಕೇಳುವುದಕ್ಕೆ ಮೊದಲೇ, ಯಾವ ತತ್ತ್ವದ ಆಸರೆಯೂ ಇಲ್ಲದೆ, ಹೆಣದ ಪಕ್ಕದಲ್ಲಿ ಕುಳಿತು, ಬಿಡು ಎಂದು ಅವಳು ಹೇಳಿಯಾಗಿತ್ತು. ಹಾವು ನಿರ್ದೋಷಿಯೆಂದು ತಿಳಿದು ಬಿಡಿಸಿದವಳಲ್ಲ ಅವಳು; ದೋಷದ ಲೆಕ್ಕವೇ ಇಲ್ಲಿ ಸಲ್ಲದೆಂದು ಬಿಡಿಸಿದವಳು. ಹುಲಿಗೂ ನೆರೆಗೂ ಸಿಡಿಲಿಗೂ ಹೊರಿಸದ ಪಾಪವನ್ನು ಹಾವಿಗೆ ಹೊರಿಸುವ ನಮ್ಮ ರೂಢಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಜೈನರಲ್ಲಿಯೂ ಬೆಂಕಿ ಮತ್ತು ಹಾವಿನ ಕಥೆಯೊಂದಿದೆ. ತಪಸ್ವಿಯೊಬ್ಬನು ಉರಿಸುತ್ತಿದ್ದ ಕೊರಡಿನೊಳಗೆ ಜೋಡಿಹಾವುಗಳು ಬೇಯುತ್ತಿರುವುದನ್ನು ಅರಿತು ರಾಜಕುಮಾರನಾದ ಪಾರ್ಶ್ವನು ಅದನ್ನು ಸೀಳಿಸಿದನು. ಸಾಯುವ ಮೊದಲು ಅವನಿಂದ ನಮಸ್ಕಾರಮಂತ್ರವನ್ನು ಕೇಳಿದ ಆ ಹಾವುಗಳೇ ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿ, ಮುಂದೆ ತೀರ್ಥಂಕರನಾದ ಅವನ ಮೇಲೆ ಪ್ರಳಯದ ಮಳೆ ಸುರಿದಾಗ ಹೆಡೆಯನ್ನು ಕೊಡೆಯಾಗಿ ಹಿಡಿದರೆಂಬುದು ನಂಬಿಕೆ. ಹೊಂಬುಜದ ಪದ್ಮಾವತಿಯ ದರ್ಶನಕ್ಕೆ ಹೋಗುವವರು ಆ ಕೊರಡಿನ ಬೆಂಕಿಯನ್ನೂ ಒಮ್ಮೆ ನೆನೆಯಬೇಕು.

ಕಲ್ಲಿನ ವಿಷಯಕ್ಕೆ ಬರೋಣ. ಬನವಾಸಿಯ ಮಧುಕೇಶ್ವರದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಅಂಚಿನಲ್ಲಿರುವ ಪ್ರಾಕೃತಶಾಸನವು ಸಾತಕರ್ಣಿ ಅರಸನ ಮಗಳೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದು ಹೇಳಿ, ಶಿಲೆಯನ್ನು ಕಡೆದವನು ಜಯಂತಿಪುರದ ದಾಮೋರಕಾಚಾರ್ಯನ ಶಿಷ್ಯನಾದ ನಾಟಕನೆಂದು ಹೆಸರಿಸುತ್ತದೆ. ಕದಂಬರಿಗಿಂತ ಹಿಂದಿನ ಮಾತು ಇದು. ನಾಗ, ಕೆರೆ, ವಿಹಾರ ಈ ಮೂರೂ ಒಂದೇ ದಾನದಲ್ಲಿ ಸೇರಿರುವುದನ್ನು ಗಮನಿಸಿದರೆ, ಅಂದಿನ ಜನಕ್ಕೆ ಹಾವು ನೀರಿನ ನೆಂಟನೂ ನೆಲದ ಒಡೆಯನೂ ಆಗಿತ್ತಲ್ಲದೆ ಬರಿಯ ಭಯದ ವಿಗ್ರಹವಾಗಿರಲಿಲ್ಲವೆಂದು ಊಹಿಸಬಹುದು. ಅಲ್ಲಿಂದ ಇತ್ತ ಗೌರಿಬಿದನೂರಿನ ವಿದುರಾಶ್ವತ್ಥದವರೆಗೆ, ಘಾಟಿ ಕುಕ್ಕೆಗಳ ಸುಬ್ರಹ್ಮಣ್ಯನವರೆಗೆ, ಕನ್ನಡನಾಡಿನಲ್ಲಿ ನಾಗನ ಕಲ್ಲಿಲ್ಲದ ಊರು ಇಲ್ಲವೆಂದೇ ಹೇಳಬೇಕು. ಕಲ್ಲುನಾಗನಿಗೆ ಹಾಲೆರೆದು ನಿಜನಾಗನನ್ನು ಹೊಡೆಯಹೊರಡುವವರ ವೈಪರೀತ್ಯವನ್ನು ಬಸವಣ್ಣನವರು ಎಂಟು ಶತಮಾನಗಳ ಹಿಂದೆಯೇ ತೋರಿಸಿದ್ದಾರೆ. ಅವರ ಗುರಿ ಹಾವಾಗಿರಲಿಲ್ಲ, ಹಸಿದು ಬಂದ ಜಂಗಮನಾಗಿದ್ದನು; ಆದರೂ ದೃಷ್ಟಾಂತವು ಗುರಿಯನ್ನು ಮೀರಿ ಬದುಕಿಕೊಂಡಿತು. ಪಂಜೆ ಮಂಗೇಶರಾಯರ ಶಿಶುಗೀತೆಯಲ್ಲಂತೂ ಮಗುವು ಕೈಮುಗಿದು ಹಾಲು ಕೊಡುವೆನೆಂದು ಕರೆದ ನಾಗನನ್ನೇ ಕೊನೆಗೆ ಹೋಗೆಂದು ಕಳುಹಿಸಿಕೊಡುತ್ತದೆ. ಕನ್ನಡಿಗನ ಸರ್ಪಭಕ್ತಿಯ ಯಥಾರ್ಥಸ್ವರೂಪವನ್ನು ತಿಳಿಯಬೇಕೆನ್ನುವವರಿಗೆ ಪಾಂಡಿತ್ಯಪೂರ್ಣವಾದ ಪ್ರಬಂಧಗಳಿಗಿಂತ ಆ ಗೀತೆಯೇ ಸಾಕು.

ಈ ಭಕ್ತಿಯನ್ನು ಕಪಟವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಶ್ರಾವಣಶುದ್ಧ ಪಂಚಮಿಯ ದಿನ ನೆಲವನ್ನು ಅಗೆಯಬಾರದು, ಉಳಬಾರದೆಂಬ ಕಟ್ಟಳೆಗೆ ಆಧಾರವಾಗಿ ಹೆಂಗಸರು ಹೇಳುವ ವ್ರತಕಥೆಯಲ್ಲಿ, ರೈತನೊಬ್ಬನ ನೇಗಿಲಿಗೆ ಸಿಕ್ಕಿ ಹಾವಿನ ಮರಿಗಳು ಸಾಯುತ್ತವೆ. ತಾಯಿಹಾವು ಬಂದು ಅವನ ಮನೆಮಂದಿಯನ್ನೆಲ್ಲ ಕಚ್ಚಿ, ಉಳಿದ ಮಗಳನ್ನು ಹುಡುಕಿಕೊಂಡು ಹೋದಾಗ, ಅವಳು ನಾಗಪೂಜೆಯಲ್ಲಿ ತೊಡಗಿರುವುದನ್ನು ಕಂಡು ಮನಕರಗಿ ಸತ್ತವರನ್ನೆಲ್ಲ ಬದುಕಿಸುತ್ತದೆ. ಸೇಡನ್ನು ಹಾವಿಗೆ ಹೊರಿಸುವ ಈ ಕಥೆಯೂ, ಮೊದಲ ಪೆಟ್ಟು ನೇಗಿಲಿನದೆಂಬುದನ್ನು ಮರೆಯಲಿಲ್ಲ. ಶ್ರಾವಣವೆಂದರೆ ಬಿಲಗಳಲ್ಲಿ ನೀರು ತುಂಬಿ ಹಾವುಗಳು ಹೊರಬೀಳುವ ಕಾಲ, ರೈತನು ದಿನವೆಲ್ಲ ಕೆಸರಿನಲ್ಲಿರುವ ಕಾಲ. ವರ್ಷದಲ್ಲಿ ಎರಡು ಜೀವಗಳ ದಾರಿಗಳು ಅತ್ಯಂತ ಹೆಚ್ಚಾಗಿ ಅಡ್ಡಹಾಯುವ ತಿಂಗಳಿನಲ್ಲಿ, ಒಂದು ದಿನವಾದರೂ ಮನುಷ್ಯನೇ ಹಿಂದಕ್ಕೆ ಸರಿದು ನಿಲ್ಲಲೆಂದು ಹಿರಿಯರು ಕಟ್ಟುಮಾಡಿದರು.

ಹಿಂದಕ್ಕೆ ಸರಿಯುವ ಈ ಬುದ್ಧಿಯು ಪೂರ್ಣವಾದ ರೂಪವನ್ನು ತಾಳಿದ್ದು ತುಳುನಾಡಿನ ನಾಗಬನದಲ್ಲಿ. ಅಲ್ಲಿ ಪ್ರತಿಯೊಂದು ಕುಟುಂಬಕ್ಕೂ ಮೂಲಸ್ಥಾನದ ನಾಗನೊಬ್ಬನಿದ್ದಾನೆ. ದೂರದ ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೋದವರೂ ಪಂಚಮಿಯಂದು ತನು ಎರೆಯಲು ಮೂಲವನ್ನು ಹುಡುಕಿಕೊಂಡು ಬರುತ್ತಾರೆ. ಹಾಲು, ಸೀಯಾಳ, ಅರಿಶಿನ, ಕೇದಗೆ, ಹಿಂಗಾರ. ಮನೆಗೆ ಮರಳಿದ ಮೇಲೆ ಅರಿಶಿನ ಎಲೆಯ ಕಡುಬು. ಸತ್ತ ನಾಗರವು ಕಣ್ಣಿಗೆ ಬಿದ್ದರೆ ಮನುಷ್ಯನಿಗೆ ಮಾಡುವಂತೆಯೇ ಅದಕ್ಕೂ ಸಂಸ್ಕಾರ. ದೊಡ್ಡ ಹರಕೆಗಳಿಗೆ ಢಕ್ಕೆಬಲಿ, ನಾಗಮಂಡಲ. ಬಿಳಿ, ಕೆಂಪು, ಹಳದಿ, ಹಸಿರು, ಕಪ್ಪೆಂಬ ಐದು ಬಣ್ಣದ ಪುಡಿಗಳಿಂದ ನೆಲದ ಮೇಲೆ ಬರೆದ ಮಂಡಲದ ಸುತ್ತ ನಾಗಪಾತ್ರಿಯೂ ವೈದ್ಯರೆಂಬ ಕುಣಿತದವರೂ ರಾತ್ರಿಯೆಲ್ಲ ಕುಣಿಯುವುದನ್ನು ಕಂಡವರು ಅದನ್ನು ಮರೆಯಲಾರರು. ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು ಬನವೇ. ಊರಿನ ಗದ್ದೆ ತೋಟಗಳ ನಡುವೆ, ಬೆಲೆಬಾಳುವ ನೆಲದ ತುಂಡೊಂದನ್ನು ಬಿಟ್ಟು, ಅಲ್ಲಿ ಕತ್ತಿಯಾಡಿಸದೆ, ಬಿದ್ದ ಒಣಕಡ್ಡಿಯನ್ನೂ ಒಲೆಗೆ ತಾರದೆ, ರೆಂಜೆ, ಸಂಪಿಗೆ, ಹೊನ್ನೆಗಳೂ ಬಳ್ಳಿಗಳೂ ತಮಗೆ ತೋಚಿದಂತೆ ಬೆಳೆಯಲೆಂದು ನೂರಾರು ವರ್ಷ ಸುಮ್ಮನಿದ್ದದ್ದು ಸಾಮಾನ್ಯವಾದ ತಪಸ್ಸಲ್ಲ. ಕಲ್ಲು ಆ ಬನದ ಒಳಗಿನ ಗುರುತು ಮಾತ್ರ. ಇಲ್ಲಿ ಭಕ್ತನು ಹಾವಿನ ಮೇಲೆ ಏನನ್ನು ಆರೋಪಿಸಿದ್ದರೂ, ಕೊಟ್ಟದ್ದು ಮಾತ್ರ ಹಾವಿಗೆ ನಿಜವಾಗಿ ಬೇಕಾದದ್ದನ್ನೇ: ನೆರಳು, ತೇವ, ಬಿಲ, ಕಪ್ಪೆ, ಇಲಿ, ಮತ್ತು ಮನುಷ್ಯನ ಗೈರುಹಾಜರಿ. ಹೀಗಾಗಿ ಆರೋಪವು ಸುಳ್ಳಾಗಿಯೂ ಆಚಾರವು ಸತ್ಯವಾಯಿತು. ಧರ್ಮವಿಮರ್ಶಕರು ಸಾಕಷ್ಟು ಯೋಚಿಸದ ಸಂಗತಿ ಇದು.

ಈಚೆಗೆ ಆ ಬನಗಳಿಗೆ ಜೀರ್ಣೋದ್ಧಾರದ ಕಾಲ ಬಂದಿದೆ. ಮರಗಳನ್ನು ಕಡಿದು, ನೆಲಕ್ಕೆ ಗ್ರಾನೈಟ್ ಹಾಸಿ, ಸುತ್ತಲೂ ಕಾಂಕ್ರೀಟಿನ ಆವರಣ ಕಟ್ಟಿ, ಉಕ್ಕಿನ ಗೇಟಿಗೆ ಬೀಗ ಹಾಕಿ, ನಡುವೆ ಹೊಳೆಯುವ ಹೊಸ ನಾಗಶಿಲೆಯನ್ನು ಪ್ರತಿಷ್ಠಿಸಿ, ಮಂತ್ರಘೋಷದೊಡನೆ ಊಟವಿಕ್ಕಿದ ಮೇಲೆ, ಕುಟುಂಬಕ್ಕೆ ನಾಗದೋಷ ಕಳೆಯಿತೆಂಬ ತೃಪ್ತಿ. ಅಲ್ಲಿಂದ ಕಳೆದದ್ದು ದೋಷವಲ್ಲ, ನಾಗ. ಬಿಸಿಲಿಗೆ ಕಾದ ಗ್ರಾನೈಟಿನ ಮೇಲೆ ಹರಿಯಲಾರದ ಜೀವವು ಹತ್ತಿರದ ಕೊಟ್ಟಿಗೆಯನ್ನೋ ಬಚ್ಚಲನ್ನೋ ಸೇರಿಕೊಂಡಾಗ, ನಾಗನು ಮನೆಯೊಳಗೇ ಕಾಣಿಸಿಕೊಂಡನೆಂದು ಪ್ರಶ್ನೆ ಕೇಳಿಸಿ ಮತ್ತೊಂದು ಶಾಂತಿಗೆ ದಿನ ನಿಶ್ಚಯವಾಗುತ್ತದೆ. ಸತ್ತ ಹಾವನ್ನು ಋಷಿಯ ಕೊರಳಿಗೆ ಹಾಕಿದ ಪರೀಕ್ಷಿತನಾದರೂ ಹಸಿವು ಬಾಯಾರಿಕೆಗಳಿಂದ ಬುದ್ಧಿಗೆಟ್ಟಿದ್ದನು. ನಮಗೆ ಆ ನೆಪವೂ ಇಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ, ಸಿಮೆಂಟಿನ ನೆಲದ ಮೇಲೆ ಮಂಚದಲ್ಲಿ ಮಲಗುವವನ ಸರ್ಪಸ್ತುತಿ ಇದೆಂದು ಹಳ್ಳಿಯ ಓದುಗರು ಹೇಳಿಯಾರು. ಹೇಳಿದರೆ ತಪ್ಪೂ ಅಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ಎಂದರೆ ವರ್ಷಕ್ಕೆ ಸರಾಸರಿ 58,000. ಬಹುತೇಕ ಎಲ್ಲರೂ ಹಳ್ಳಿಯವರು. ಮಳೆಗಾಲದಲ್ಲಿ, ಬರಿಗಾಲಿನಲ್ಲಿ, ಗದ್ದೆಯಲ್ಲಿ, ಅಥವಾ ನೆಲದ ಮೇಲಿನ ಚಾಪೆಯಲ್ಲಿ ನಿದ್ರಿಸುವಾಗ ಕಚ್ಚಿಸಿಕೊಂಡವರು. ಅವರ ತಾಯಂದಿರೆಲ್ಲ ಗೌತಮಿಯಾಗಬೇಕೆಂದು ಬೋಧಿಸುವ ಹಕ್ಕು ಯಾರಿಗೂ ಇಲ್ಲ. ಪ್ರಕೃತಿಪ್ರೇಮದ ಹೆಸರಿನಲ್ಲಿ ಈ ಸಾವುಗಳನ್ನು ಮರೆಯುವವನೂ, ಈ ಸಾವುಗಳ ಹೆಸರಿನಲ್ಲಿ ಡುಂಡುಭವನ್ನು ಬಡಿಯುವವನೂ ದೀಪವನ್ನು ಅರ್ಧಕ್ಕೇ ಎತ್ತಿದವರು.

ವಿಷವಿದ್ಯೆ ನಮ್ಮಲ್ಲಿ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ಅಂದು ಅದು ಅವನಿಗೆ ತಿಳಿದ ಶಾಸ್ತ್ರ. ಇಂದು ಶಾಸ್ತ್ರ ಬೇರೆ ಇದೆ, ಮತ್ತು ಅದು ಹಾವಿನಿಂದಲೇ ಬರುತ್ತದೆ. ಹಾವಿನ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಶೋಧಿಸಿ ಔಷಧ ಮಾಡುತ್ತಾರೆ. ಆ ವಿಷದ ದೊಡ್ಡ ಪಾಲು ಬರುವುದು ಚೆನ್ನೈಯ ದಕ್ಷಿಣಕ್ಕಿರುವ ಇರುಳರ ಸಹಕಾರ ಸಂಘದಿಂದ. ಒಂದು ಕಾಲದಲ್ಲಿ ಇವರು ಚರ್ಮದ ವ್ಯಾಪಾರಕ್ಕಾಗಿ ಹಾವು ಹಿಡಿಯುತ್ತಿದ್ದ ಗಿರಿಜನರು. 1972ರ ವನ್ಯಜೀವಿ ಕಾಯಿದೆಯ ತರುವಾಯ ಆ ವ್ಯಾಪಾರ ನಿಂತು ಹಸಿವಿಗೆ ಬಿದ್ದವರು, 1978ರಲ್ಲಿ ರೋಮುಲಸ್ ವಿಟೇಕರ್ ಅವರ ನೆರವಿನಿಂದ ಸಂಘ ಕಟ್ಟಿಕೊಂಡು, ಹಿಡಿದ ಹಾವಿನ ವಿಷವನ್ನಷ್ಟೇ ತೆಗೆದು ಅದನ್ನು ಮತ್ತೆ ಕಾಡಿಗೆ ಬಿಡುವ ವೃತ್ತಿಗೆ ಬಂದರು. ಕೊಲ್ಲದೆಯೇ ಹಾವಿನಿಂದ ಅನ್ನವನ್ನೂ ಪ್ರಾಣದಾನವನ್ನೂ ಪಡೆಯುವ ಈ ಕಾಯಕದ ಮುಂದೆ ನಮ್ಮ ಹರಕೆಗಳು ಸಣ್ಣವು.

ಆದಿಪರ್ವದಲ್ಲಿ ಪರೀಕ್ಷಿತನನ್ನು ಉಳಿಸಲೆಂದು ಹೊರಟಿದ್ದ ಕಾಶ್ಯಪನೆಂಬ ವಿಷವೈದ್ಯನಿಗೆ ತಕ್ಷಕನು ದಾರಿಯಲ್ಲಿ ಹಣ ಕೊಟ್ಟು ಹಿಂತಿರುಗಿಸಿದನಂತೆ. ಇಂದು ವೈದ್ಯನು ಹಿಂತಿರುಗುವುದಿಲ್ಲ, ರೋಗಿಯೇ ತಲುಪುವುದಿಲ್ಲ. ಮಂತ್ರ ಹಾಕಿಸಲು, ನಾಟಿಮದ್ದು ಕುಡಿಸಲು, ಗಾಯವನ್ನು ಕೊಯ್ದು ಬಿಗಿಯಾಗಿ ಕಟ್ಟಲು ಹೋಗಿ ಕಳೆದ ಗಂಟೆಗಳಲ್ಲಿಯೇ ಪ್ರಾಣ ಹೋಗುತ್ತದೆ. ವಿಷವಿಲ್ಲದ ಹಾವು ಕಚ್ಚಿದವರು ಬದುಕಿದ್ದನ್ನು ಕಂಡು ಮಂತ್ರಕ್ಕೆ ಕೀರ್ತಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವುಕಡಿತವನ್ನು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು. ಲೆಕ್ಕವಿಡುವುದು ಒಳ್ಳೆಯ ಆರಂಭ. ಔಷಧವು ತಾಲ್ಲೂಕಿನ ಆಸ್ಪತ್ರೆಯಲ್ಲಿ ಸದಾ ಇರುವುದು, ಅಲ್ಲಿಗೆ ರಾತ್ರಿಯಲ್ಲಿಯೂ ವಾಹನ ಸಿಗುವುದು ಇನ್ನೂ ಆಗಬೇಕಾದ ಕೆಲಸ.

ಮೂಲಸ್ಥಾನದ ಬನಕ್ಕೆ ಜೀರ್ಣೋದ್ಧಾರ ಮಾಡಿಸಬೇಕೆಂದು ಹಣ ಕೂಡಿಸುತ್ತಿರುವ ಕುಟುಂಬಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ಕಲ್ಲು ಭಿನ್ನವಾಗಿದ್ದರೆ ಹೊಸ ಕಲ್ಲನ್ನು ಧಾರಾಳವಾಗಿ ಪ್ರತಿಷ್ಠೆ ಮಾಡಿಸಿ. ಆಶ್ಲೇಷಾಬಲಿಯನ್ನೂ ತಂಬಿಲವನ್ನೂ ನಿಮ್ಮ ಸಂಪ್ರದಾಯದಂತೆ ನಡೆಸಿ. ಆದರೆ ಮರ ಕಡಿಯಬೇಡಿ, ನೆಲಕ್ಕೆ ಹಾಸುಗಲ್ಲು ಹಾಕಬೇಡಿ, ಕಡಿದುಹೋದ ಕಡೆ ಮತ್ತೆ ರೆಂಜೆಯನ್ನೋ ಸಂಪಿಗೆಯನ್ನೋ ನೆಡಿ. ಗ್ರಾನೈಟಿಗೆಂದು ತೆಗೆದಿಟ್ಟ ಹಣದಲ್ಲಿ ಬನದ ಸುತ್ತಲ ತೋಟದಲ್ಲಿ ದುಡಿಯುವ ಆಳುಗಳಿಗೆ ಮೊಣಕಾಲುದ್ದದ ಬೂಟು, ಒಳ್ಳೆಯ ಟಾರ್ಚು, ಮಲಗಲು ಮಂಚ, ಸೊಳ್ಳೆಪರದೆ ಕೊಡಿಸಿ; ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಪಂಚಮಿಯ ದಿನ ಬನದ ಮುಂದೆ ನೆರೆದವರಿಗೆಲ್ಲ ತಿಳಿಯಹೇಳಿ.